ಎ.ಬಿ.ಎಸ್. ಕಡ್ಡಿ ದುಡ್ಡಿಗೆ ತಕ್ಕದ್ದೇ? ಕಂಪನಿಯ ಚರಿತ್ರೆಯಿಂದ ಕೊಟ್ಟಿಗೆಯ ಕೆಲಸದವರೆಗೆ

ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆ ನಾಲ್ಕು ಹಸು ಕಟ್ಟಿದವರಿಂದಲೂ ಈಗ ಕೇಳಿಬರುವ ಮಾತು ಒಂದೇ: ಈ ಸಲ ಹೆಣ್ಣುಕರುವಿನ ಕಡ್ಡಿ ಹಾಕಿಸೋಣ, ಕಂಪನಿಯದ್ದೇ ಇರಲಿ. ಕಡ್ಡಿ ಅಂದರೆ ಹೋರಿಯ ಹೆಪ್ಪುಗಟ್ಟಿದ ವೀರ್ಯ ತುಂಬಿದ ಸಣ್ಣ ಕೊಳವೆ; ಹೆಣ್ಣುಕರುವೇ ಹುಟ್ಟುವಂತೆ ವೀರ್ಯ ಬೇರ್ಪಡಿಸಿ ತುಂಬಿದ್ದು ಹೆಣ್ಣುಕರುವಿನ ಕಡ್ಡಿ. ಹಾಗೆ ಕೇಳುವ ಕಂಪನಿ ಹೆಸರುಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಎ.ಬಿ.ಎಸ್. ಒಂದು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಡ್ಡಿಯೊಳಗಿನ ಮಾಲು ಗಟ್ಟಿ. ಅದು ವೀರ್ಯ ಕೇಂದ್ರದಲ್ಲಿ ಕೆಡುವುದು ಅಪರೂಪ, ಕಡ್ಡಿಯನ್ನು ತಣ್ಣಗಿಡುವ ಕ್ಯಾನಿನಿಂದ ಗರ್ಭಕೋಶದವರೆಗಿನ ದಾರಿಯಲ್ಲಿ ಕೆಡುವುದೇ ಹೆಚ್ಚು. ಆದ್ದರಿಂದ ಇಲ್ಲಿ ಹೋರಿಯ ಫೋಟೋಗಿಂತ ಕ್ಯಾನು, ಬಿಸಿನೀರು, ವೀರ್ಯವನ್ನು ಒಳಗೆ ಸೇರಿಸುವ ಗನ್ನು, ಕೈ ಇವುಗಳ ವಿಚಾರವೇ ಜಾಸ್ತಿ ಇದೆ.

ಕಂಪನಿಯ ಚರಿತ್ರೆ ಓದಿದರೂ ಕಾಣುವುದು ಇದೇ: ವೀರ್ಯವನ್ನು ತಣ್ಣಗಿಡುವುದಕ್ಕೆ ನಡೆದ ಹೋರಾಟ. ಜಾನ್ ಡಿ. ರಾಕೆಫೆಲ್ಲರ್ ಮೊಮ್ಮಗ ಜೆ. ರಾಕೆಫೆಲ್ಲರ್ ಪ್ರೆಂಟಿಸ್ 1941ರಲ್ಲಿ ಅಮೆರಿಕದಲ್ಲಿ ಇದನ್ನು ಶುರುಮಾಡಿದರು. ಮುಂದೆ ಅದು ಅಮೆರಿಕನ್ ಬ್ರೀಡರ್ಸ್ ಸರ್ವಿಸ್ ಆಯಿತು, ವಿಸ್ಕಾನ್ಸಿನ್ ರಾಜ್ಯದ ಡಿಫಾರೆಸ್ಟ್ ಅದರ ನೆಲೆಯಾಯಿತು. ಆ ಕಾಲದ್ದೆಲ್ಲ ಹಸಿ ವೀರ್ಯ. ಮೊಟ್ಟೆಯ ಹಳದಿ ಬೆರೆಸಿದ ದ್ರಾವಣದಲ್ಲಿ 5 ಡಿಗ್ರಿ ಆಸುಪಾಸಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಬೇಕಿತ್ತು. ಹೋರಿ ಎಷ್ಟೇ ಉತ್ತಮವಾಗಿರಲಿ, ಒಂದು ದಿನದ ಪ್ರಯಾಣದಾಚೆ ಅದರ ವೀರ್ಯಕ್ಕೆ ಬೆಲೆ ಇರಲಿಲ್ಲ.

1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಸಾಯುವುದಿಲ್ಲ ಎಂದು ತೋರಿಸಿದರು. 1953ರಲ್ಲಿ ಹೆಪ್ಪುಗಟ್ಟಿದ ವೀರ್ಯದಿಂದ ಅಮೆರಿಕದ ಮೊದಲ ಕರು ಹುಟ್ಟಿತು. ಪ್ರೆಂಟಿಸ್ ಸಂಸ್ಥೆಯ ಕೆಲಸದಿಂದ ಹುಟ್ಟಿದ ಆ ಕರುವಿಗೆ ಫ್ರಾಸ್ಟಿ ಎಂದು ಹೆಸರಿಟ್ಟರು. ಆಗ ಬಳಸಿದ್ದು ಒಣ ಮಂಜುಗಡ್ಡೆ, ಅಂದರೆ ಮೈನಸ್ 79 ಡಿಗ್ರಿ. ಅಷ್ಟು ಚಳಿ ಸಾಲದು. ಆ ಉಷ್ಣತೆಯಲ್ಲಿ ಒಳಗಿನ ಹಿಮದ ಹರಳು ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ, ಬೆಳೆದ ಹರಳು ಕಣದ ಪೊರೆ ಸೀಳುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬಂದ ಮೇಲೆ ವೀರ್ಯ ವರ್ಷಗಟ್ಟಲೆ ಉಳಿಯಿತು. ಅದನ್ನು ಹಳ್ಳಿಗೆ ಒಯ್ಯುವುದಕ್ಕೆ ಎರಡು ಗೋಡೆಯ, ನಡುವೆ ನಿರ್ವಾತ ಇರುವ ಪಾತ್ರೆ ಬೇಕಿತ್ತು. 1950ರ ದಶಕದಲ್ಲಿ ಯೂನಿಯನ್ ಕಾರ್ಬೈಡಿನ ಲಿಂಡೆ ವಿಭಾಗದ ಜೊತೆ ಸೇರಿ ಅದನ್ನು ಬಳಕೆಗೆ ತಂದದ್ದು ಈ ಕಂಪನಿಯ ನಿಜವಾದ ಸಾಧನೆ. ಇವತ್ತು ಜಗಳೂರಿನ ರಸ್ತೆಯಲ್ಲಿ ಬೈಕಿಗೆ ಕಟ್ಟಿಕೊಂಡು ಹೋಗುವ ಮೂರು ಲೀಟರ್ ಕ್ಯಾನು ಆ ಪಾತ್ರೆಯ ಮೊಮ್ಮಗ.

ಎ.ಬಿ.ಎಸ್. 1967ರಲ್ಲಿ ಡಬ್ಲ್ಯು.ಆರ್. ಗ್ರೇಸ್ ಎಂಬ ಅಮೆರಿಕದ ಕಂಪನಿಯ ಕೈಸೇರಿತು, 1999ರಲ್ಲಿ ಅದನ್ನು ಇಂಗ್ಲೆಂಡಿನ ಜೀನಸ್ ಕಂಪನಿ ಕೊಂಡಿತು. ನಮಗೆ ಮುಖ್ಯವಾದದ್ದು ಪಕ್ಕದ ಮಹಾರಾಷ್ಟ್ರದ ಕಥೆ: ಸಾಂಗ್ಲಿ ಜಿಲ್ಲೆಯ ಭಿಲವಡಿಯಲ್ಲಿ ಚಿತಳೆ ಡೇರಿಯ ಜೊತೆ ಸೇರಿ ವೀರ್ಯ ಕೇಂದ್ರ ಕಟ್ಟಿದ್ದರಿಂದ ಎಲ್ಲ ಕಡ್ಡಿಯೂ ಸಮುದ್ರ ದಾಟಿ ಬರಬೇಕಿಲ್ಲ.

ಅಮೆರಿಕದವರಿಂದ ನಾವು ಕಲಿತೆವು ಎಂದು ಯಾರಾದರೂ ಅಂದರೆ ಒಂದು ವಿಷಯ ನೆನಪಿಸಬೇಕು. ಭಾರತದ ಮೊದಲ ಕೃತಕ ಗರ್ಭಧಾರಣೆ ಆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೀನ್ ಹೋರಿಯ ವೀರ್ಯ ಕೊಟ್ಟರು. ಪ್ರೆಂಟಿಸ್ ಕಂಪನಿ ಕಟ್ಟುವುದಕ್ಕೂ ಎರಡು ವರ್ಷ ಮೊದಲಿನ ಮಾತು ಇದು. ಆಮೇಲೆ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿದ ವೀರ್ಯದ ಕೇಂದ್ರ ಬಂತು. ಕರ್ನಾಟಕ ಹಾಲು ಮಹಾಮಂಡಳದ (ಕಹಾಮ) ನಂದಿನಿ ವೀರ್ಯ ಕೇಂದ್ರವೂ ಹೆಸರಘಟ್ಟದಲ್ಲೇ ಇದೆ. ಹಾಗಾಗಿ ಎ.ಬಿ.ಎಸ್. ಕಡ್ಡಿಯನ್ನು ಹೋಲಿಸಬೇಕಾದ್ದು ಏನೂ ಇಲ್ಲದ ಕಾಲದ ಜೊತೆ ಅಲ್ಲ, ನಮ್ಮ ಪಶು ಆಸ್ಪತ್ರೆಯಲ್ಲೂ ಹಾಲಿನ ಸಂಘದಲ್ಲೂ ಅಗ್ಗಕ್ಕೆ ಸಿಗುವ ಗಟ್ಟಿ ಕಡ್ಡಿಯ ಜೊತೆ.

ಆ ಹೋಲಿಕೆ ಹೀಗಿದೆ. ನಮ್ಮ ದೇಶದ ಮಾನದಂಡದ ಪ್ರಕಾರ ಮಾಮೂಲಿ ಕಡ್ಡಿಯಲ್ಲಿ ಕನಿಷ್ಠ 2 ಕೋಟಿ ವೀರ್ಯಾಣು ಇರಬೇಕು, ಕರಗಿಸಿದ ಮೇಲೆ ನೂರಕ್ಕೆ 50 ಚಲಿಸುತ್ತಿರಬೇಕು. ಕೇಂದ್ರ ತಂಡ ಬಂದು ಪರೀಕ್ಷಿಸಿ ವೀರ್ಯ ಕೇಂದ್ರಗಳಿಗೆ ಎ, ಬಿ ಎಂದು ದರ್ಜೆ ಕೊಡುತ್ತದೆ. ಎ ದರ್ಜೆಯ ಸರ್ಕಾರಿ ಕಡ್ಡಿಗೂ ಖಾಸಗಿ ಮಾಮೂಲಿ ಕಡ್ಡಿಗೂ ಗಬ್ಬ ನಿಲ್ಲುವ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನಿರೀಕ್ಷಿಸಬೇಡಿ. ಖಾಸಗಿ ಕಡ್ಡಿಗೆ ಕೊಡುವ ಹೆಚ್ಚಿನ ದುಡ್ಡು ಹೋರಿಯ ವಂಶಾವಳಿಗೆ, ಮಗಳುಗಳ ಹಾಲಿನ ದಾಖಲೆಗೆ. ಹುಟ್ಟುವ ಕರುವಿಗೆ ಮೇವು ಹಾಕಿ ಬೆಳೆಸುವ ತಾಕತ್ತು ಇದ್ದವರಿಗೆ ಅದು ಲಾಭ, ಇಲ್ಲದವರಿಗೆ ದಂಡ.

ಹೋರಿಯ ಪಟ್ಟಿ ಓದುವಾಗ ನಮ್ಮವರು ಎಡವುವ ಜಾಗ ಒಂದಿದೆ. ಅಮೆರಿಕದ ಹೋರಿಯ ಮುಂದೆ ಹಾಲು ಪ್ಲಸ್ 1000 ಎಂದು ಬರೆದಿದ್ದರೆ ಅದು ಲೀಟರೂ ಅಲ್ಲ, ಕಿಲೋವೂ ಅಲ್ಲ, ಪೌಂಡು. ಅಂದರೆ ಸುಮಾರು 454 ಕಿಲೋ. ಅದೂ ಆ ದೇಶದ ಆಧಾರ ಮಟ್ಟದ ಹಸುಗಳಿಗಿಂತ ಈ ಹೋರಿಯ ಮಗಳು ಒಂದು ಸೂಲಿನಲ್ಲಿ ಎಷ್ಟು ಹೆಚ್ಚು ಕೊಡಬಹುದು ಎನ್ನುವ ಅಂದಾಜು. ಆ ಆಧಾರ ಮಟ್ಟವನ್ನು ಐದು ವರ್ಷಕ್ಕೊಮ್ಮೆ ಬದಲಿಸುತ್ತಾರೆ, ಆದ್ದರಿಂದ ಹಳೇ ಪಟ್ಟಿಯನ್ನು ಹೊಸ ಪಟ್ಟಿಯ ಜೊತೆ ತೂಗಬಾರದು. ಅಲ್ಲಿನ ಮೇವು, ಅಲ್ಲಿನ ಚಳಿಯಲ್ಲಿ ಬಂದ ಅಂಕಿ ಚಳ್ಳಕೆರೆಯ ಬಿಸಿಲಲ್ಲಿ ಹಾಗೇ ಇಳಿಯುವುದಿಲ್ಲ. ಪಡ್ಡೆಗೆ, ಅಂದರೆ ಇನ್ನೂ ಕರು ಹಾಕದ ಹಸುವಿಗೆ, ಹಾಕಿಸುವುದಾದರೆ ಹಾಲಿನ ಅಂಕಿಗಿಂತ ಮೊದಲು ಕರು ಸಲೀಸಾಗಿ ಹೊರಬರುವ ಅಂಕಿ ನೋಡಿ. ದೊಡ್ಡ ಕರು ಸಣ್ಣ ಸೊಂಟದಲ್ಲಿ ಸಿಕ್ಕಿಕೊಂಡರೆ ಹಾಲಿನ ಲೆಕ್ಕ ಯಾವುದಕ್ಕೂ ಬರುವುದಿಲ್ಲ.

ಇನ್ನು ಹೆಣ್ಣುಕರುವಿನ ಕಡ್ಡಿ. ಹೆಣ್ಣು ಹುಟ್ಟಿಸುವ ವೀರ್ಯಾಣುವಿನಲ್ಲಿ ಗಂಡಿನದಕ್ಕಿಂತ ಡಿ.ಎನ್.ಎ. ನೂರಕ್ಕೆ 3.8ರಷ್ಟು ಹೆಚ್ಚಿರುತ್ತದೆ. ಬಣ್ಣ ಹಾಕಿ ಲೇಸರ್ ಬೆಳಕಿನಲ್ಲಿ ಒಂದೊಂದೇ ಕಣ ಹಾಯಿಸಿದರೆ ಹೆಚ್ಚು ಡಿ.ಎನ್.ಎ. ಇರುವುದು ಹೆಚ್ಚು ಹೊಳೆಯುತ್ತದೆ. ಅಮೆರಿಕದ ಬೆಲ್ಟ್ಸ್‌ವಿಲ್ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಜಾನ್ಸನ್ ಈ ದಾರಿ ತೆರೆದರು. ಆ ಹಳೇ ವಿಧಾನದಲ್ಲಿ ಹನಿಗಳಿಗೆ ವಿದ್ಯುತ್ ಆವೇಶ ಕೊಟ್ಟು ಹೆಣ್ಣು ಒಂದು ಕಡೆ, ಗಂಡು ಒಂದು ಕಡೆ ಎಳೆಯುತ್ತಾರೆ. ಎ.ಬಿ.ಎಸ್. 2017ರಲ್ಲಿ ಸೆಕ್ಸೆಲ್ ಹೆಸರಿನಲ್ಲಿ ತಂದ ಕಡ್ಡಿಯ ವಿಧಾನ ಬೇರೆ: ಬೇಡದ ಕಣವನ್ನು ಲೇಸರಿನಿಂದ ಹೊಡೆದು ನಿಷ್ಕ್ರಿಯ ಮಾಡುತ್ತಾರೆ, ಬೇಕಾದ ಕಣವನ್ನು ಅತ್ತಿತ್ತ ಎಳೆದಾಡುವುದಿಲ್ಲ. ಸತ್ತ ಕಣ ಕಡ್ಡಿಯಲ್ಲೇ ಉಳಿಯುವುದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲುಗಾಡದ ಕಣ ಜಾಸ್ತಿ ಕಾಣುತ್ತವೆ. ಅಷ್ಟಕ್ಕೇ ಕಡ್ಡಿ ಕೆಟ್ಟಿದೆ ಎಂದು ತೀರ್ಮಾನ ಮಾಡಬಾರದು.

ಯಾವ ವಿಧಾನವೇ ಇರಲಿ, ಹೆಣ್ಣುಕರು ಹುಟ್ಟುವುದು ಹತ್ತರಲ್ಲಿ ಒಂಬತ್ತು ಸಲ. ಹತ್ತನೆಯದು ಗಂಡಾದರೆ ಮೋಸ ಅಲ್ಲ. ಇಂಥ ಕಡ್ಡಿಯಲ್ಲಿ ಸಾಮಾನ್ಯವಾಗಿ 20ರಿಂದ 40 ಲಕ್ಷ ವೀರ್ಯಾಣು ಮಾತ್ರ ಇರುತ್ತವೆ, ಅಂದರೆ ಮಾಮೂಲಿ ಕಡ್ಡಿಯ ಹತ್ತನೇ ಒಂದು ಪಾಲಿನಿಂದ ಐದನೇ ಒಂದು ಪಾಲು. ಬೇರ್ಪಡಿಸುವಾಗ ಪೆಟ್ಟು ತಿಂದ ಕಣದ ಆಯುಸ್ಸೂ ಕಡಿಮೆ. ಗಬ್ಬ ನಿಲ್ಲುವುದು ಮಾಮೂಲಿ ಕಡ್ಡಿಗಿಂತ ಕಡಿಮೆ ಆಗುವುದಕ್ಕೆ ಕಾರಣ ಇದೇ. ಮಾಮೂಲಿ ಕಡ್ಡಿ ಸಣ್ಣಪುಟ್ಟ ತಪ್ಪನ್ನು ತಾಳಿಕೊಳ್ಳುತ್ತದೆ, ಇದು ತಾಳಿಕೊಳ್ಳುವುದಿಲ್ಲ. ಆದ್ದರಿಂದ ಇದನ್ನು ಆರೋಗ್ಯವಾಗಿರುವ, ಪ್ರತಿ 21 ದಿನಕ್ಕೆ ಸರಿಯಾಗಿ ಬೆದೆಗೆ ಬರುವ ಪಡ್ಡೆಗೆ ಅಥವಾ ಮೊದಲ ಎರಡು ಸೂಲಿನ ಹಸುವಿಗೆ ಮಾತ್ರ ಹಾಕಿಸಿ. ಮೂರು ಸಲ ಹಾಕಿಸಿಯೂ ನಿಲ್ಲದ ಹಸುವಿಗೆ, ಸತ್ತೆ (ಮಾಸು) ಬೀಳದೆ ಕೈ ಹಾಕಿ ತೆಗೆಸಿಕೊಂಡ ಹಸುವಿಗೆ, ಲೋಳೆಯಲ್ಲಿ ಕೀವಿನ ಎಳೆ ಕಾಣುವ ಹಸುವಿಗೆ ಈ ಕಡ್ಡಿ ಹಾಕಿಸುವುದು ದುಡ್ಡು ಹೊಳೆಗೆ ಎಸೆದಂತೆ. ಅವುಗಳಿಗೆ ಮೊದಲು ಚಿಕಿತ್ಸೆ ಆಗಬೇಕು.

ತಳಿ ಆರಿಸುವಾಗ ಕಂಪನಿಯವರ ಮಾತಿಗಿಂತ ನಿಮ್ಮ ಹೊಲದ ಮಾತು ಕೇಳಿ. ಭದ್ರಾ ನಾಲೆಯ ನೀರಿದ್ದು ವರ್ಷವಿಡೀ ಹಸಿ ಹುಲ್ಲು ಬೆಳೆಯುವ ಹರಿಹರ, ದಾವಣಗೆರೆ ಕಡೆ ಎಚ್.ಎಫ್. (ಹಾಲ್‌ಸ್ಟೀನ್ ಫ್ರೀಸಿಯನ್) ನಡೆಯುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಹೊಟ್ಟು, ಮೆಕ್ಕೆಜೋಳದ ದಂಟೇ ಆಧಾರ. ಅಲ್ಲಿ ಜರ್ಸಿ ವಾಸಿ: ಮೈ ಚಿಕ್ಕದು, ಬಿಸಿಲು ಹೆಚ್ಚು ತಡೆಯುತ್ತದೆ, ಹಾಲಿನ ಜಿಡ್ಡೂ ಜಾಸ್ತಿ. ಅಮೃತಮಹಲ್ ಹಸುವಿಗೂ, ಚಳ್ಳಕೆರೆ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳ ಮಂದೆಗೂ ಯಾವ ಕಂಪನಿಯ ಎಚ್.ಎಫ್. ಕಡ್ಡಿಯೂ ಬೇಡ. ಮೇಯುವ ಕಾವಲು ಭೂಮಿಗಳು ಕೈಬಿಟ್ಟು ಹೋದ ಮೇಲೂ ಉಳಿದಿರುವ ಆ ರಕ್ತ ಒಮ್ಮೆ ಬೆರಕೆಯಾದರೆ ಮತ್ತೆ ಸಿಗುವುದಿಲ್ಲ. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಈಗ ಕ್ಯಾನಿಗೆ ಬರೋಣ. ಕಡ್ಡಿ ಹಾಕಲು ಬರುವ ಕಾರ್ಯಕರ್ತರು ಕ್ಯಾನು ಇಳಿಸಿದ ಕೂಡಲೇ ಹೊರಮೈ ನೋಡಿ. ಹೊರಗಡೆ ಬೆವರು ಅಥವಾ ಹಿಮ ಕಟ್ಟಿದ್ದರೆ ನಿರ್ವಾತ ಹೋಗಿದೆ, ಸಾರಜನಕ ಬೇಗ ಆವಿಯಾಗುತ್ತಿದೆ ಎಂದರ್ಥ. ಮಟ್ಟ ನೋಡಲು ಮರದ ಅಥವಾ ಪ್ಲಾಸ್ಟಿಕ್ ಅಳತೆಕೋಲನ್ನು ತಳ ಮುಟ್ಟುವಂತೆ ಹತ್ತು ಸೆಕೆಂಡು ಇಟ್ಟು ತೆಗೆದು ಗಾಳಿಯಲ್ಲಿ ಆಡಿಸಬೇಕು. ಬಿಳಿ ಹಿಮ ಎಲ್ಲಿಯವರೆಗೆ ಕೂರುತ್ತದೋ ಅಲ್ಲಿಯವರೆಗೆ ಸಾರಜನಕ ಇದೆ. ಟೊಳ್ಳು ಕೊಳವೆ ಹಾಕಿದರೆ ಸಾರಜನಕ ಮೇಲಕ್ಕೆ ಚಿಮ್ಮುತ್ತದೆ, ಹಾಕಬೇಡಿ. ಕಡ್ಡಿಯ ಉದ್ದ 13 ಸೆಂಟಿಮೀಟರ್ ಚಿಲ್ಲರೆ, ಅದು ಪೂರ್ತಿ ಮುಳುಗಿರುವುದೇ ಚೆಂದ. ಅಳತೆಕೋಲಿನಲ್ಲಿ ಹಿಮ 5 ಸೆಂಟಿಮೀಟರಿಗಿಂತ ಕೆಳಗಿದ್ದರೆ ಆ ಕ್ಯಾನಿನ ಕಡ್ಡಿ ಯಾವ ಕಂಪನಿಯದಾದರೂ ಒಪ್ಪಬೇಡಿ. ನಡುವೆ ಒಮ್ಮೆ ಸಾರಜನಕ ಪೂರ್ತಿ ಆರಿ, ಮತ್ತೆ ತುಂಬಿಸಿದ್ದರೆ ಹೊರಗಿನಿಂದ ಅದು ಗೊತ್ತಾಗುವುದೇ ಇಲ್ಲ. ವೀರ್ಯ ಮಾತ್ರ ಸತ್ತಿರುತ್ತದೆ. ಸಾರಜನಕದ ಗಾಡಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊನೆಯ ಸಲ ಯಾವಾಗ ತುಂಬಿಸಿದ್ದು ಎಂದು ಕೇಳುವುದು ನಿಮ್ಮ ಹಕ್ಕು. ಸರಿಯಾಗಿ ಕೆಲಸ ಮಾಡುವವರು ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ.

ಕಡ್ಡಿ ತೆಗೆಯುವ ಕ್ಷಣ ಬಹಳ ಮುಖ್ಯ. ಕಡ್ಡಿ ತುಂಬಿದ ಕ್ಯಾನಿಸ್ಟರನ್ನು ಕ್ಯಾನಿನ ಕೊರಳೊಳಗೇ, ಬಾಯಿಯಿಂದ ಐದಾರು ಸೆಂಟಿಮೀಟರ್ ಕೆಳಗೆ ಹಿಡಿದು ಚಿಮಟದಿಂದ ಕಡ್ಡಿ ಎಳೆಯಬೇಕು. ಏಳೆಂಟು ಸೆಕೆಂಡಿನಲ್ಲಿ ಸಿಗದಿದ್ದರೆ ಮತ್ತೆ ಕೆಳಗಿಳಿಸಿ ತಣಿಸಿ ಆಮೇಲೆ ಹುಡುಕಬೇಕು. ಕ್ಯಾನಿಸ್ಟರನ್ನು ಬಾಯಿಯಾಚೆ ಎತ್ತಿ, ಬಿಸಿಲಿಗೆ ಹಿಡಿದು ಹೋರಿ ನಂಬರ್ ಓದುವವರಿದ್ದಾರೆ. ದಾವಣಗೆರೆಯ ಏಪ್ರಿಲ್ ಬಿಸಿಲು 38 ಡಿಗ್ರಿ ದಾಟುತ್ತದೆ, ಸಣ್ಣ ಕಡ್ಡಿ ಬೆಚ್ಚಗಾಗಲು ಕೆಲವೇ ಸೆಕೆಂಡು ಸಾಕು. ನಿಮಗೆ ಹಾಕುವ ಕಡ್ಡಿಯೊಂದೇ ಅಲ್ಲ, ಒಳಗೆ ಉಳಿದ ಅಷ್ಟೂ ಕಡ್ಡಿ ಪ್ರತಿ ಸಲ ಸ್ವಲ್ಪಸ್ವಲ್ಪ ಕೆಡುತ್ತವೆ. ತಿಂಗಳ ಶುರುವಿನಲ್ಲಿ ಗಬ್ಬ ನಿಂತ ಹೋರಿಯ ಕಡ್ಡಿ ತಿಂಗಳ ಕೊನೆಗೆ ಯಾರಿಗೂ ನಿಲ್ಲದೇ ಹೋಗುವುದಕ್ಕೆ ಇದು ದೊಡ್ಡ ಕಾರಣ.

ಕರಗಿಸಲು 37 ಡಿಗ್ರಿ ನೀರು, 30 ಸೆಕೆಂಡು. ಥರ್ಮಾಮೀಟರ್ ಇರಲೇಬೇಕು. ಕೈಯಿಟ್ಟು ಉಗುರುಬೆಚ್ಚಗಿದೆ ಅನ್ನುವುದು ಅಂದಾಜು, ಅಳತೆಯಲ್ಲ. ಹಿರಿಯೂರು ಕಡೆ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ನಲ್ಲಿಯಲ್ಲೇ 40 ಡಿಗ್ರಿ ದಾಟಿ ಬರುತ್ತದೆ. ಅದರಲ್ಲಿ ಕಡ್ಡಿ ಮರೆತರೆ ಕಣ ಬೆಂದಂತೆ. ತಣ್ಣೀರಲ್ಲೋ, ಜೇಬಿನಲ್ಲೋ ನಿಧಾನ ಕರಗಿಸಿದರೆ ಹಿಮದ ಹರಳು ಮತ್ತೆ ಬೆಳೆದು ಕಣ ಸೀಳುತ್ತದೆ. ಕರಗಿದ ಕಡ್ಡಿಯ ಮೇಲಿನ ನೀರನ್ನು ಒಂದು ಹನಿಯೂ ಉಳಿಯದಂತೆ ಒರೆಸಬೇಕು, ನೀರು ತಾಗಿದರೆ ವೀರ್ಯಾಣು ಉಬ್ಬಿ ಸಾಯುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಉಕ್ಕಿನ ಗನ್ನು ತಣ್ಣಗಿರುತ್ತದೆ, ಕಾಗದದಿಂದ ಗಟ್ಟಿಯಾಗಿ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಕಡ್ಡಿ ಏರಿಸಬೇಕು.

ಕಡ್ಡಿಯ ಒಂದು ತುದಿಯಲ್ಲಿ ಹತ್ತಿಯ ಬಿರಡೆ, ಇನ್ನೊಂದು ತುದಿ ಒತ್ತಿ ಮುಚ್ಚಿದ್ದು. ಬಿರಡೆಯ ತುದಿ ಗನ್ನಿನೊಳಕ್ಕೆ ಹೋಗಬೇಕು. ಅದಕ್ಕೆ ಮೊದಲು ಗನ್ನಿನ ಒಳಕಡ್ಡಿಯನ್ನು ಒಂದು ಗೇಣಿನಷ್ಟು ಹಿಂದಕ್ಕೆ ಎಳೆದಿರಬೇಕು. ಕಡ್ಡಿಯನ್ನು ನೆಟ್ಟಗೆ ಹಿಡಿದರೆ ಗಾಳಿಗುಳ್ಳೆ ಮೇಲಕ್ಕೇರುತ್ತದೆ, ಆ ಗುಳ್ಳೆ ಇರುವಲ್ಲೇ ನೇರವಾಗಿ ಕತ್ತರಿಸಬೇಕು. ಓರೆ ಕತ್ತರಿಸಿದರೆ ಕಡ್ಡಿಯ ಬಾಯಿ ಗನ್ನಿನ ಮೇಲೆ ಹಾಕುವ ಪ್ಲಾಸ್ಟಿಕ್ ಹೊರಗವಸಿನ ತುದಿಗೆ ಸರಿಯಾಗಿ ಕೂರದೆ ವೀರ್ಯ ಗವಸಿನೊಳಗೆ ಹಿಂದಕ್ಕೆ ಸೋರುತ್ತದೆ. ಒಟ್ಟು ಇರುವುದೇ ಕಾಲು ಮಿಲಿಲೀಟರ್. ಹೊರಗೆಳೆದ ಮೇಲೆ ಗವಸಿನ ಒಳಗೋಡೆಯಲ್ಲಿ ಬಿಳಿ ವೀರ್ಯ ಕಂಡರೆ ಹಸುವಿಗೆ ಸೇರಿದ್ದು ಎಷ್ಟೆಂದು ನೀವೇ ಲೆಕ್ಕ ಹಾಕಿ. ಗವಸು ಒಂದು ಹಸುವಿಗೆ ಒಂದೇ. ತೊಳೆದು ಮತ್ತೆ ಬಳಸಿದರೆ ಒಬ್ಬರ ಮನೆಯ ಸೋಂಕು ಇನ್ನೊಬ್ಬರ ಮನೆಗೆ ಹೋಗುತ್ತದೆ. ಕರಗಿಸಿದ ಮಾಮೂಲಿ ಕಡ್ಡಿಯನ್ನು ಕಾಲು ಗಂಟೆಯೊಳಗೆ, ಹೆಣ್ಣುಕರುವಿನದನ್ನು ಅದಕ್ಕಿಂತ ಬೇಗ ಹಾಕಿ ಮುಗಿಸಬೇಕು. ಹಸು ಕಟ್ಟಿ, ಸಗಣಿ ತೆಗೆದು, ಯೋನಿಯ ಹೊರಭಾಗ ಒರೆಸಿ ಆದ ಮೇಲೇ ಕಡ್ಡಿ ನೀರಿಗೆ ಬೀಳಬೇಕು.

ಗನ್ನನ್ನು ಮೊದಲು ಮೇಲ್ಮುಖವಾಗಿ ಹಾಕಬೇಕು, ಇಲ್ಲದಿದ್ದರೆ ಮೂತ್ರದ ದಾರಿಗೆ ಹೋಗುತ್ತದೆ. ಗರ್ಭಕಂಠದ ಮೂರು ನಾಲ್ಕು ಬಳೆಗಳನ್ನು ದಾಟುವಾಗ ಗನ್ನು ನೂಕುವುದಲ್ಲ, ಒಳಗಿನ ಕೈಯಿಂದ ಗರ್ಭಕಂಠವನ್ನೇ ಗನ್ನಿನ ಮೇಲೆ ಎಳೆದುಕೊಳ್ಳಬೇಕು. ಕೊನೆಯ ಬಳೆ ದಾಟಿದ ಕೂಡಲೇ ಬರುವ ಗರ್ಭಕೋಶದ ಒಡಲು ಎರಡು ಮೂರು ಸೆಂಟಿಮೀಟರ್ ಉದ್ದವಷ್ಟೆ. ಅಲ್ಲಿ ನಿಲ್ಲಿಸಿ ಐದು ಸೆಕೆಂಡು ನಿಧಾನಕ್ಕೆ ಒತ್ತಬೇಕು. ಮುಂದೆ ಹೋದರೆ ಗರ್ಭಕೋಶದ ಎರಡು ಕೊಂಬುಗಳಲ್ಲಿ ಒಂದಕ್ಕೇ ಬೀಳುತ್ತದೆ, ಹಿಂದೆ ನಿಂತರೆ ಗರ್ಭಕಂಠದಲ್ಲೇ ಉಳಿದು ಲೋಳೆಯ ಜೊತೆ ಹೊರಗೆ ಬರುತ್ತದೆ. ಗನ್ನಿನ ತುದಿಯಲ್ಲಿ ರಕ್ತ ಬಂದರೆ ಒರಟು ಕೈ. ಗಬ್ಬವಿದ್ದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರಿಸುತ್ತವೆ. ಹಿಂದೆ ಕಡ್ಡಿ ಹಾಕಿಸಿದ ಹಸುವಾದರೆ ಗನ್ನು ಹಾಕುವ ಮೊದಲು ಗರ್ಭಕೋಶ ಮುಟ್ಟಿ ನೋಡಲೇಬೇಕು, ಇಲ್ಲದಿದ್ದರೆ ಇದ್ದ ಗಬ್ಬವೂ ಜಾರುತ್ತದೆ.

ಹೊತ್ತಿನ ವಿಷಯ ನಿಮ್ಮ ಕೈಯಲ್ಲಿದೆ. ಬೇರೆ ಹಸು ಮೈಮೇಲೆ ಹತ್ತಿದಾಗ ಅಲುಗದೆ ನಿಂತರೆ ಅದು ನಿಜವಾದ ಬೆದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಮೂಲಿ ಕಡ್ಡಿ. ಹೆಣ್ಣುಕರುವಿನ ಕಡ್ಡಿಯ ಕಣಕ್ಕೆ ಆಯುಸ್ಸು ಕಡಿಮೆಯಾದ್ದರಿಂದ ಅಂಡ ಬಿಡುಗಡೆಗೆ ಹತ್ತಿರ, ಬೆದೆ ಶುರುವಾಗಿ 16ರಿಂದ 20 ಗಂಟೆ ಬಿಟ್ಟು ಹಾಕಿಸಿ. ಬಾಲಕ್ಕೆ ರಕ್ತ ಅಂಟಿದ್ದು ಕಂಡರೆ ಬೆದೆ ಮುಗಿದು ಒಂದೆರಡು ದಿನ ಆಗಿದೆ, ಆಗ ಹಾಕಿಸಿ ಪ್ರಯೋಜನವಿಲ್ಲ. ಆ ದಿನ ಗುರುತು ಹಾಕಿಕೊಂಡು 18ನೇ ದಿನದಿಂದ ಕಾಯಿರಿ. ಎಮ್ಮೆಯದ್ದು ಮೂಕಬೆದೆ, ರಾತ್ರಿ ಮತ್ತು ನಸುಕಿನಲ್ಲೇ ಹೆಚ್ಚು. ಬೇಸಿಗೆಯಲ್ಲಿ ಹಸುವನ್ನೂ ನಸುಕಿಗೆ, ಸಂಜೆ ತಂಪಿಗೆ ನೋಡಬೇಕು, ಮಧ್ಯಾಹ್ನ ತಗಡಿನ ಕೆಳಗೆ ಬೆಂದು ನಿಂತ ಹಸು ಬೆದೆ ತೋರಿಸುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡದೆ ಬರೀ ಮೆಕ್ಕೆಜೋಳದ ದಂಟು ಹಾಕಿ, ಬೆದೆಗೆ ಬರುತ್ತಿಲ್ಲ ಎಂದು ಕಡ್ಡಿಯನ್ನು ದೂರುವುದು ನ್ಯಾಯವಲ್ಲ.

ದುಡ್ಡಿನ ಲೆಕ್ಕ ಹಾಕುವಾಗ ಕಡ್ಡಿಯ ಬೆಲೆಯೊಂದನ್ನೇ ನೋಡಬೇಡಿ. ಒಂದು ಸಲ ತಪ್ಪಿದರೆ 21 ದಿನ ಹೋಯಿತು. ಬತ್ತಿದ ಹಸುವಿನ ಮೇವು, ಹಿಂಡಿ ದಿನಕ್ಕೆ 200 ರೂಪಾಯಿ ಎಂದು ಹಿಡಿದರೂ 4,200 ರೂಪಾಯಿ. ಅಗ್ಗದ ಕಡ್ಡಿಯನ್ನು ಒಳ್ಳೆಯ ಕೈಯಿಂದ ಹಾಕಿಸುವುದು ದುಬಾರಿ ಕಡ್ಡಿಯನ್ನು ಅವಸರದ ಕೈಯಿಂದ ಹಾಕಿಸುವುದಕ್ಕಿಂತ ಮೇಲು. ಒಳ್ಳೆಯ ಕೈ ಸಿಕ್ಕಿದ್ದರೆ, ಕ್ಯಾನು ತುಂಬಿದ್ದರೆ, ಪಡ್ಡೆಯ ಮೈ ಗಟ್ಟಿಯಿದ್ದರೆ ಎ.ಬಿ.ಎಸ್.ನ ಹೆಣ್ಣುಕರುವಿನ ಕಡ್ಡಿಗೆ ದುಡ್ಡು ಹಾಕಬಹುದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಆಸ್ಪತ್ರೆಯ ಮಾಮೂಲಿ ಕಡ್ಡಿ ಸಾಕು. ಇಲಾಖೆ ಮತ್ತು ಹಾಲು ಒಕ್ಕೂಟದಲ್ಲೂ ಲಿಂಗ ನಿರ್ಧರಿತ (ಹೆಣ್ಣುಕರುವಿನ) ಕಡ್ಡಿ ರಿಯಾಯಿತಿಯಲ್ಲಿ ಸಿಗುವುದುಂಟು, ಖಾಸಗಿಯವರ ಬಳಿ ಹೋಗುವ ಮುಂಚೆ ಅಲ್ಲಿ ಕೇಳಿ.

ಹಾಕಿಸಿದ ಮೇಲೆ ಖಾಲಿ ಕಡ್ಡಿ ಕೇಳಿ ಇಸಿದುಕೊಳ್ಳಿ. ಅದರ ಮೇಲೆ ಹೋರಿಯ ನಂಬರ್, ತಳಿ, ಕೇಂದ್ರದ ಗುರುತು, ತಯಾರಾದ ದಿನ ಅಥವಾ ಬ್ಯಾಚ್ ಅಚ್ಚಾಗಿರುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿಯ ಜೊತೆ ಅದನ್ನು ಪುಸ್ತಕದಲ್ಲಿ ಬರೆದಿಡಿ. ಹುಟ್ಟಿದ ಕಡಸು ಬೆಳೆದು ಬೆದೆಗೆ ಬಂದಾಗ ಅದೇ ಹೋರಿಯ ಕಡ್ಡಿ ಅದಕ್ಕೆ ಬೀಳಬಾರದು, ಅಪ್ಪನದೇ ವೀರ್ಯ ಮಗಳಿಗೆ ಹಾಕಿದಂತಾಗಿ ಕರು ನಿಶ್ಶಕ್ತವಾಗುತ್ತದೆ. 21ನೇ ದಿನ ಮತ್ತೆ ಬೆದೆಗೆ ಬಾರದಿದ್ದರೆ ಗಬ್ಬ ನಿಂತಿತು ಎಂದು ಸುಮ್ಮನಾಗಬೇಡಿ. ಎರಡರಿಂದ ಮೂರು ತಿಂಗಳೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಿ.